ಎಂಟು ತಿಂಗಳು ಪ್ಲಾಸ್ಟಿಕ್ ರೀಡ್ ಊದಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಸ್ಯಾಕ್ಸೋಫೋನ್ ರಿವ್ಯೂ ಅಲ್ಲ. ಸ್ಯಾಕ್ಸೋಫೋನಿನ ಬಾಯಿಗೆ ಕಟ್ಟುವ ಬೆರಳುದ್ದದ ಒಂದು ಚಕ್ಕೆಯ, ಅಂದರೆ ರೀಡಿನ ರಿವ್ಯೂ. ಇಷ್ಟು ಸಣ್ಣ ವಸ್ತುವಿಗೆ ಇಷ್ಟುದ್ದ ಬರೆಯಬೇಕಾ ಅಂತ ಕೇಳುವವರು ಒಂದು ಸಲ ಮದುವೆ ಮಂಟಪದಲ್ಲಿ ಗಟ್ಟಿಮೇಳಕ್ಕೆ ಊದಿ ನೋಡಬೇಕು.

ಕಳೆದ ಜೂನ್. ಪುತ್ತೂರು ಕಡೆಯ ಒಂದು ಹಾಲ್. ಹೊರಗೆ ಧೋ ಅಂತ ಮಳೆ, ಒಳಗೆ ಎಸಿ. ಬೆಳಗ್ಗೆ ಗಂಟಲು ಬಿಸಿ ಮಾಡಿಕೊಂಡು ಚೆನ್ನಾಗಿಯೇ ಊದಿದ್ದೆ. ಆಮೇಲೆ ಶಾಸ್ತ್ರ ಮುಗಿಯುವ ತನಕ ಮುಕ್ಕಾಲು ಗಂಟೆ ಸುಮ್ಮನೆ ಕೂತಿದ್ದೆವು, ಎಸಿಯ ಗಾಳಿ ಸೀದಾ ನನ್ನ ಮೌತ್‌ಪೀಸ್ ಮೇಲೆ. ಭಟ್ರು ಕೈ ಎತ್ತಿ 'ವಾಲಗ, ವಾಲಗ' ಅಂದರು. ನಾನು ತಾರ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ ಹಾರಿದೆ. ಬಂದದ್ದು ಷಡ್ಜ ಅಲ್ಲ, ನಾಯಿಯ ಬಾಲ ತುಳಿದ ಹಾಗೆ 'ಕೀಂಯ್'. ಪಕ್ಕದಲ್ಲಿದ್ದ ಡೋಲಿನ ಅಣ್ಣ ನನ್ನ ಮುಖ ನೋಡಿದವರೇ ಪೆಟ್ಟು ಜೋರು ಮಾಡಿ ಮುಚ್ಚಿ ಹಾಕಿದರು. ಹಾಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮದುವೆ ವಿಡಿಯೋದಲ್ಲಿ ಮಾತ್ರ ಇದೆ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ.

ಊಟದ ಮೊದಲು ರೀಡ್ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ತುದಿ ಹಪ್ಪಳದ ಅಂಚಿನ ಹಾಗೆ ಅಲೆಅಲೆ ಆಗಿತ್ತು. ಅಷ್ಟೇ ವಿಷಯ. ಒಣಗಿದೆ.

'ಅಣ್ಣ, ಇದು ಒಣಗಿದ್ದು, ನನ್ನ ತಪ್ಪಲ್ಲ' ಅಂದೆ.

'ಹೌದು ಮಾರಾಯ, ಒಣಗುವುದು ಅಂತ ಗೊತ್ತಿದ್ದ ಮೇಲೆ ಬಾಯಲ್ಲಿ ಇಟ್ಟುಕೊಳ್ಳಬೇಕಿತ್ತು' ಅಂದರು. ಅದಕ್ಕೆ ಉತ್ತರ ಇರಲಿಲ್ಲ.

ಅದಾದ ಮೇಲೆ ಜುಲೈಯಲ್ಲಿ ಆಟಿ (ತುಳುನಾಡಿನಲ್ಲಿ ಶುಭಕಾರ್ಯ ಇಲ್ಲದ ತಿಂಗಳು) ಅಂತ ಪ್ರೋಗ್ರಾಂ ಇಲ್ಲದೆ ಕೂತಿದ್ದಾಗ ಸಿಂಥೆಟಿಕ್ ರೀಡ್ ತರಿಸಿದೆ. ಒಂದೇ ಒಂದು, 3,100 ರೂಪಾಯಿ. ಯಾವ ಕಂಪನಿಯದು ಅಂತ ಬರೆಯುತ್ತಿಲ್ಲ, ಒಂದು ಪೀಸ್ ಹಿಡಿದುಕೊಂಡು ಇಡೀ ಕಂಪನಿಗೆ ಮಾರ್ಕ್ಸ್ ಕೊಡುವುದು ನ್ಯಾಯ ಅಲ್ಲ. ಪ್ಲಾಸ್ಟಿಕ್ ರೀಡ್ ಅನ್ನುವ ಜಾತಿಯ ಬಗ್ಗೆಯೇ ಹೇಳುತ್ತೇನೆ. ಹೇಳಬೇಕಾದರೆ ಮೊದಲು ಕೇನ್ ರೀಡ್ ಏನು ಅಂತ ಹೇಳಲೇಬೇಕು, ಇಲ್ಲದಿದ್ದರೆ 3,100 ಯಾಕೆ ಕೊಟ್ಟೆ ಅನ್ನುವುದು ಅರ್ಥ ಆಗುವುದಿಲ್ಲ.

ಚಿಕ್ಕವರಿದ್ದಾಗ ತೆಂಗಿನ ಗರಿ ಸುತ್ತಿ ಪೀಪಿ ಮಾಡಿದ್ದು ನೆನಪಿದೆಯಾ? ಗರಿಯನ್ನು ಓರೆಯಾಗಿ ಸುತ್ತುತ್ತಾ ಹೋಗಬೇಕು, ಒಂದು ಕಡೆ ಸಣ್ಣ, ಇನ್ನೊಂದು ಕಡೆ ಅಗಲ. ಸಣ್ಣ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಚಪ್ಪಟೆ ಮಾಡಿದರೆ ಎರಡು ಎಲೆ ಮುಖಾಮುಖಿ. ಊದಿದರೆ ಪೇಂ ಅನ್ನುತ್ತದೆ. ನಾಗಸ್ವರದ ರೀಡ್ ಆದ ಸೀವಾಳಿಯೂ ಲೆಕ್ಕದಲ್ಲಿ ಇದೇ, ಎರಡು ನಾಲಿಗೆ. ಸ್ಯಾಕ್ಸೋಫೋನಿಗೆ, ಕ್ಲಾರಿನೆಟ್‌ಗೆ ಒಂದೇ ನಾಲಿಗೆ, ಎದುರಿಗೆ ಇನ್ನೊಂದರ ಬದಲು ಮೌತ್‌ಪೀಸಿನ ಗಟ್ಟಿ ಅಂಚು. ನೆನಪಿರಬೇಕಾದ ಇನ್ನೊಂದು ಸಂಗತಿ: ಆ ಪೀಪಿ ಮಧ್ಯಾಹ್ನ ಚೆನ್ನಾಗಿ ಊದುತ್ತಿತ್ತು, ಸಂಜೆ ಗರಿ ಒಣಗಿದ ಮೇಲೆ ಬರೀ ಪುಸ್ ಅನ್ನುತ್ತಿತ್ತು. ನನ್ನ ಪುತ್ತೂರಿನ ಕಥೆ ಅದರಲ್ಲೇ ಇದೆ.

ಕೇನ್ ಅಂದರೆ ಬೆತ್ತ ಅಂದುಕೊಂಡಿರುವವರು ಬಹಳ ಜನ. ಬೆತ್ತ ಅಲ್ಲ. ಅರುಂಡೊ ಡೊನಾಕ್ಸ್ ಅಂತ ಒಂದು ದೊಡ್ಡ ಜಾತಿಯ ಜೊಂಡು ಹುಲ್ಲು, ಭತ್ತ, ಕಬ್ಬು, ಬಿದಿರು ಎಲ್ಲದರ ನೆಂಟ. ನೀರಿನ ಬದಿ ಬೆಳೆಯುತ್ತದೆ. ರೀಡಿಗೆ ಹೆಸರುವಾಸಿ ಫ್ರಾನ್ಸಿನ ದಕ್ಷಿಣಕ್ಕೆ ಸಮುದ್ರದ ಹತ್ತಿರ ಇರುವ ವಾರ್ ಅನ್ನುವ ಸೀಮೆ. ಅಲ್ಲಿ ಎರಡು ವರ್ಷ ಬೆಳೆದ ದಂಟನ್ನು ಚಳಿಗಾಲದಲ್ಲಿ ಕಡಿದು, ಬಿಸಿಲಿಗೆ ಒಡ್ಡಿ, ಹಸಿರು ಹೋಗಿ ಹೊಂಬಣ್ಣ ಬರುವ ತನಕ ಕಾದು, ಆಮೇಲೂ ಒಣ ಜಾಗದಲ್ಲಿ ಇಟ್ಟು ಹಣ್ಣು ಮಾಡಿ, ಸೀಳಿ, ಕೆತ್ತಿ ರೀಡ್ ಮಾಡುತ್ತಾರೆ. ಹೆಚ್ಚಿನವರು ಊದುವ ವಾಂಡೋರೆನ್ ಕಂಪನಿಯನ್ನು 1905ರಲ್ಲಿ ಶುರು ಮಾಡಿದವರು ಪ್ಯಾರಿಸ್‌ನ ಒಬ್ಬ ಕ್ಲಾರಿನೆಟ್ ವಾದಕರು. ತಮಗೆ ಬೇಕಾದ ರೀಡ್ ತಾವೇ ಕೆತ್ತಿಕೊಳ್ಳುತ್ತಿದ್ದವರು, ಅದೇ ಕಸುಬಾಯಿತು.

ರೀಡನ್ನು ಬೆಳಕಿಗೆ ಹಿಡಿದರೆ ಉದ್ದಕ್ಕೂ ಗೆರೆಗೆರೆ ಕಾಣುತ್ತದೆ. ಅದು ನಾರು. ನಾರಿನ ನಡುವೆ ಮೆತ್ತನೆಯ ತಿರುಳು. ನಾರು ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಅಷ್ಟು ಗಟ್ಟಿ ಇಲ್ಲ, ಅದಕ್ಕೇ ಉದ್ದಕ್ಕೆ ಸಿಡಿಯುತ್ತದೆ, ಅಡ್ಡಕ್ಕೆ ಸೊಟ್ಟ ಆಗುತ್ತದೆ. ತುದಿಯ ದಪ್ಪ ಸುಮಾರು 0.1 ಮಿಲಿಮೀಟರ್. ಅಂಥ ತುದಿಗೆ ಎಂಜಲು ತಾಗಿದ ಕೂಡಲೇ ತಿರುಳು ನೀರು ಕುಡಿದು ಉಬ್ಬುತ್ತದೆ, ಗಾಳಿಗೆ ಒಣಗಿದ ಕೂಡಲೇ ಸೊರಗುತ್ತದೆ. ಎಲ್ಲ ಕಡೆ ಒಂದೇ ಸಮ ಒಣಗಿದರೆ ತೊಂದರೆ ಇಲ್ಲ. ಹಾಗೆ ಒಣಗುವುದೇ ಇಲ್ಲ, ಅದೇ ತೊಂದರೆ.

ಇನ್ನು ಈ ನಂಬರ್. ಬಾಕ್ಸ್ ಮೇಲೆ 2, 2½, 3 ಅಂತ ಇರುತ್ತದಲ್ಲ, ನಾನು ಆರು ವರ್ಷ ಅದು ದಪ್ಪದ ನಂಬರ್ ಅಂತಲೇ ನಂಬಿದ್ದೆ. ಅಲ್ಲ. ಒಂದೇ ಮಾಡೆಲಿನ 2 ಮತ್ತು 3 ಎರಡನ್ನೂ ಒಂದೇ ಅಳತೆಗೆ ಕೆತ್ತಿರುತ್ತಾರೆ. ಕೆತ್ತಿದ ಮೇಲೆ ಮೆಷಿನ್ ಒಂದೊಂದನ್ನೂ ಬಗ್ಗಿಸಿ ನೋಡುತ್ತದೆ, ಎಷ್ಟು ಬಗ್ಗಿತೋ ಅದರ ಮೇಲೆ ನಂಬರ್. ಅಂದರೆ ಹುಲ್ಲು ಎಷ್ಟು ಗಟ್ಟಿ ಅನ್ನುವುದು ಕೆತ್ತುವವನಿಗೂ ಮೊದಲೇ ಗೊತ್ತಿಲ್ಲ. ಒಂದು ಕಂಪನಿಯ 2½ ಇನ್ನೊಂದು ಕಂಪನಿಯ 2½ಗೆ ಸಮ ಇಲ್ಲ. ಅಷ್ಟೇ ಅಲ್ಲ, ಒಂದೇ ಬಾಕ್ಸಿನ ಹತ್ತು ರೀಡೂ ಒಂದೇ ಥರ ಊದುವುದಿಲ್ಲ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಮೂರು ಕಚೇರಿಗೆ, ನಾಲ್ಕು ಅಭ್ಯಾಸಕ್ಕೆ, ಉಳಿದದ್ದು ಹಲ್ಲಿನ ಸಂದಿ ತೆಗೆಯಲಿಕ್ಕೆ. ಬೇರೆಯವರ ಲೆಕ್ಕ ಬೇರೆ ಇರಬಹುದು, ನನ್ನಷ್ಟು ಬೈದವರು ಕಡಿಮೆ ಅನ್ನಿಸುತ್ತದೆ.

ಸರಿ, ಈ ಚಕ್ಕೆ ಮಾಡುವ ಕೆಲಸ ಏನು? ರೀಡ್ ಹಾಡುತ್ತದೆ, ಕೊಳವೆ ಅದನ್ನು ಜೋರು ಮಾಡುತ್ತದೆ ಅಂತ ಹೇಳುವವರಿದ್ದಾರೆ. ಪೂರ್ತಿ ತಪ್ಪು. ಬರೀ ಮೌತ್‌ಪೀಸ್ ಊದಿ ನೋಡಿ, ಕಿರುಚಾಟ ಬಿಟ್ಟರೆ ಏನೂ ಇಲ್ಲ. ರೀಡ್ ಒಂದು ಬಾಗಿಲು. ಮಳೆಗಾಲದಲ್ಲಿ ಅರ್ಧ ತೆರೆದ ಬಾಗಿಲಿನಲ್ಲಿ ಗಾಳಿ ನುಗ್ಗಿದರೆ ಅದು ದಡಾರ್ ಅಂತ ಮುಚ್ಚಿಕೊಳ್ಳುತ್ತದಲ್ಲ, ಇದೂ ಹಾಗೇ. ನಾವು ಊದುತ್ತೇವೆ, ಬಾಯಿಯ ಒತ್ತಡ ರೀಡನ್ನು ಮೌತ್‌ಪೀಸಿಗೆ ಒತ್ತುತ್ತದೆ, ಸಂದಿ ಕಿರಿದಾಗುತ್ತದೆ. ಆಗ ಕೊಳವೆಯೊಳಗೆ ಹೋದ ಒತ್ತಡದ ಅಲೆ ತೆರೆದ ತೂತಿನ ತನಕ ಹೋಗಿ ವಾಪಸ್ ಬಂದು ಬಾಗಿಲನ್ನು ಮತ್ತೆ ತೆರೆಯುತ್ತದೆ. ತೆರೆ, ಮುಚ್ಚು, ತೆರೆ, ಮುಚ್ಚು. ಸೆಕೆಂಡಿಗೆ 440 ಸಲ ಆದರೆ ವೆಸ್ಟರ್ನ್‌ನವರು 'ಎ' ಅನ್ನುವ ಸ್ವರ. ಬಾಗಿಲು ಯಾವಾಗ ತೆರೆಯಬೇಕು ಅನ್ನುವುದನ್ನು ಹೇಳುವುದು ಕೊಳವೆ. ಅದಕ್ಕೇ ಬೆರಳು ಬದಲಿಸಿದರೆ ಸ್ವರ ಬದಲಾಗುತ್ತದೆ, ರೀಡ್ ಬದಲಿಸಬೇಕಾಗಿಲ್ಲ.

ಕೊಳವೆಯ ಯಜಮಾನಿಕೆಗೆ ಒಳ್ಳೆಯ ಸಾಕ್ಷಿ ಕ್ಲಾರಿನೆಟ್. ಅದರ ರೀಡೂ ಇದೇ ಹುಲ್ಲು, ಇದೇ ಆಕಾರ, ಸ್ವಲ್ಪ ಸಣ್ಣದು ಅಷ್ಟೇ. ಆದರೆ ಅದರ ಕೊಳವೆ ಉದ್ದಕ್ಕೂ ಹೆಚ್ಚುಕಮ್ಮಿ ಒಂದೇ ಅಗಲ, ನಮ್ಮದು ಬಾಯಿಯ ಹತ್ತಿರ ಸಣ್ಣ, ಕೆಳಗೆ ಹೋಗ್ತಾ ಅಗಲ. ನಾವು ಮೇಲಿನ ಕೀ ಒತ್ತಿದರೆ ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಹೋಗುತ್ತದೆ. ಕ್ಲಾರಿನೆಟ್‌ನವರು ಒತ್ತಿದರೆ ಷಡ್ಜ ಇದ್ದದ್ದು ತಾರ ಪಂಚಮಕ್ಕೆ ಜಿಗಿಯುತ್ತದೆ. ಅವರು ಅದಕ್ಕೆ ಬೆರಳು ಹೇಗೆ ಹೊಂದಿಸಿಕೊಂಡಿದ್ದಾರೋ, ದೊಡ್ಡ ನಮಸ್ಕಾರ.

ಆದರೆ ಬಾಗಿಲಿಗೂ ಅದರದೇ ಒಂದು ಕಂಪನ ಇದೆ, ಬಹಳ ಮೇಲಿನದು. ರೀಡಿನ ಮೇಲೆ ಕೆಳತುಟಿ ಮೆತ್ತಗೆ ಕೂತಿರುವುದೇ ಅದನ್ನು ಅಡಗಿಸಿ ಇಡಲಿಕ್ಕೆ. ತುದಿ ಹಪ್ಪಳ ಆಗಿ ಒಂದು ಬದಿ ಮುಚ್ಚಿ ಇನ್ನೊಂದು ಬದಿ ಮುಚ್ಚದೆ ಉಳಿದರೆ, ಅಥವಾ ಒಣಗಿ ಗಟ್ಟಿಯಾಗಿ ತುಟಿಯ ಮಾತು ಕೇಳದಿದ್ದರೆ, ಕೊಳವೆಯ ಹಿಡಿತ ತಪ್ಪಿ ರೀಡ್ ತನ್ನದೇ ರಾಗ ತೆಗೆಯುತ್ತದೆ. ಕೀಂಯ್.

ಇದನ್ನು ಮೊದಲೇ ಪರೀಕ್ಷೆ ಮಾಡುವ ಒಂದು ಉಪಾಯ ನಮ್ಮ ಗುರುಗಳು ಹೇಳಿಕೊಟ್ಟದ್ದು. ಮೌತ್‌ಪೀಸಿನ ಹಿಂದಿನ ತೂತಿಗೆ ಅಂಗೈ ಒತ್ತಿ ಹಿಡಿದು ಮುಂದಿನಿಂದ ಗಾಳಿ ಹೀರಿ ಬಾಯಿ ತೆಗೆಯಿರಿ. ರೀಡ್ ಅಂಟಿಕೊಂಡು ಒಂದೆರಡು ಸೆಕೆಂಡ್ ನಿಂತು 'ಟಪ್' ಅಂತ ಬಿಟ್ಟರೆ ರೀಡ್ ಸರಿ ಕೂತಿದೆ. ಕೂಡಲೇ ಬಿಟ್ಟುಬಿಟ್ಟರೆ ಎಲ್ಲೋ ಸೋರುತ್ತಿದೆ. ಅವತ್ತು ಪುತ್ತೂರಿನಲ್ಲಿ ಇದನ್ನು ಮಾಡಿದ್ದರೆ ಸಾಕಿತ್ತು, ಮಾಡಲಿಲ್ಲ.

ಈಗ ಪ್ಲಾಸ್ಟಿಕ್ಕಿಗೆ ಬರೋಣ. ಒಳ್ಳೆಯ ಸಿಂಥೆಟಿಕ್ ರೀಡುಗಳಲ್ಲಿ ಕೆಲವು ಪಾಲಿಪ್ರೊಪಿಲೀನ್‌ನವು. ನಾವು ಮನೆಯಲ್ಲಿ ಇಟ್ಟುಕೊಳ್ಳುವ ಊಟದ ಡಬ್ಬಿಯದೇ ವಸ್ತು, ನಗಬೇಡಿ. ಡಬ್ಬಿಗೂ ಇದಕ್ಕೂ ವ್ಯತ್ಯಾಸ ಎಳೆಯುವುದರಲ್ಲಿದೆ. ಬೆಲ್ಲದ ಪಾಕ ಎಳೆದರೆ ಎಳೆ ಎಳೆಯಾಗಿ ಒಂದೇ ದಿಕ್ಕಿಗೆ ನಿಲ್ಲುತ್ತದಲ್ಲ, ಹಾಗೆ ಪ್ಲಾಸ್ಟಿಕ್ಕನ್ನು ಉದ್ದಕ್ಕೆ ಎಳೆದು ಅದರೊಳಗಿನ ಎಳೆಗಳನ್ನು ಒಂದೇ ಸಾಲಿಗೆ ತರುತ್ತಾರೆ. ಆಗ ಅದು ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮೆತ್ತಗೆ, ಥೇಟ್ ಜೊಂಡಿನ ನಾರಿನ ಹಾಗೆ. ಕೆನಡಾದ ಲೆಜೇರ್ ಕಂಪನಿ ಸುಮಾರು ಕಾಲು ಶತಮಾನದಿಂದ ಈ ದಾರಿಯಲ್ಲಿ ರೀಡ್ ಮಾಡುತ್ತಿದೆ. ಇದರಲ್ಲಿ ನನಗೆ ಹಿಡಿಸಿದ ಜಾಣತನ ಅಂದರೆ ಅವರು ಅನುಕರಿಸಿದ್ದು ಒಣ ಕೇನನ್ನಲ್ಲ, ಎಂಜಲಲ್ಲಿ ನೆನೆದ ಕೇನನ್ನು. ಅಂದರೆ ಡಬ್ಬಿಯಿಂದ ತೆಗೆದ ಕ್ಷಣಕ್ಕೇ 'ನೆನೆದ' ರೀಡ್.

ಮೊದಲ ದಿನ ಊದಿದಾಗ ಕೆಟ್ಟದಾಗಿತ್ತು. ರೀಡ್ ಅಲ್ಲ, ನಾನು. ತುಟಿಗೆ ನುಣುಪು ಜಾಸ್ತಿ, ಜಾರುತ್ತದೆ. ಕೇನಿಗೆ ಒಂದು ರುಚಿ ಇದೆ, ಒಣ ಹುಲ್ಲು ಕಚ್ಚಿದ ಹಾಗೆ, ಹನ್ನೊಂದು ವರ್ಷದಿಂದ ಅದು ಬಾಯಿಗೆ ಬಂದ ಕೂಡಲೇ ಊದಬೇಕು ಅಂತ ಮನಸ್ಸಿಗೆ ಬರುತ್ತದೆ. ಇದು ಸಪ್ಪೆ. ನಾಲ್ಕೈದು ದಿನದಲ್ಲಿ ಹೊಂದಿಕೊಂಡೆ. ಆದರೆ ನಂಬರ್ ತಪ್ಪು ತಗೊಂಡಿದ್ದೆ ಅಂತ ಆಮೇಲೆ ಗೊತ್ತಾಯಿತು, ಕೇನಿನ 2½ ಊದುವವನಿಗೆ ಇದರ 2½ ಸ್ವಲ್ಪ ಬಿಗಿ. ಸಿಂಥೆಟಿಕ್‌ನಲ್ಲಿ ಕಾಲು ನಂಬರಿನ ಲೆಕ್ಕದಲ್ಲೂ ಸಿಗುತ್ತದೆ, 2¼, 2¾ ಹೀಗೆ. ಕೇನಿನಲ್ಲಿ ಸಾಮಾನ್ಯವಾಗಿ ಅರ್ಧರ್ಧ ನಂಬರೇ. ಹುಲ್ಲಿಗೆ ಕಾಲು ನಂಬರ್ ಹಾಕಿದರೂ ನಂಬುವವರು ಯಾರು?

ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಯಿತು. ನಮ್ಮ ಕಡೆ ಆಗಸ್ಟ್‌ನಲ್ಲಿ ಗೋಡೆಯೇ ಬೆವರುತ್ತದೆ. ಹಿಂದಿನ ವರ್ಷ ಸ್ಟೀಲ್ ಡಬ್ಬಿಯಲ್ಲಿ ಭದ್ರವಾಗಿ ಇಟ್ಟ ಆರು ಕೇನ್ ರೀಡ್ ಮೇಲೆ ಕಪ್ಪು ಚುಕ್ಕೆ ಚುಕ್ಕೆ ಬೂಸ್ಟು ಬಂದಿತ್ತು, ನಾಲ್ಕನ್ನು ಒಲೆಗೆ ಹಾಕಿದೆ. ಪ್ಲಾಸ್ಟಿಕ್ಕಿಗೆ ಬೂಸ್ಟಿಲ್ಲ. ಪಾತ್ರೆ ಸೋಪಿನಲ್ಲಿ ತೊಳೆದು ಒರೆಸಿ ಇಟ್ಟರೆ ಆಯಿತು. ಚೌತಿಗೆ ಎರಡು ಕಡೆ ಮೆರವಣಿಗೆ ಇತ್ತು, ಒಂದು ಕಡೆ ಟೆಂಪೋ ಮೇಲೆ ನಿಂತು ಅರ್ಧ ಗಂಟೆ ಊದಿ, ಮಳೆ ಬಂತು ಅಂತ ನಿಲ್ಲಿಸಿ, ಚಾ ಕುಡಿದು, ವಾಪಸ್ ಬಂದು ಸೀದಾ ಊದಿದೆ. ನೆನೆಸುವುದಿಲ್ಲ, ಬಾಯಲ್ಲಿ ಇಟ್ಟುಕೊಂಡು ಚೀಪುವುದಿಲ್ಲ. ಊದುವವರಿಗಷ್ಟೇ ಗೊತ್ತು ಅದು ಎಷ್ಟು ದೊಡ್ಡ ವಿಷಯ ಅಂತ. ಆಮೇಲೆ ಜಾತ್ರೆ ಸೀಸನ್ನು, ದೇವರನ್ನು ಹೊತ್ತು ಸುತ್ತು ಬರುವ ಬಲಿ ಉತ್ಸವದಲ್ಲಿ ರಾತ್ರಿ ಹನ್ನೆರಡರಿಂದ ಮೂರರ ತನಕ, ಒಂದು ಸುತ್ತು ಊದುವುದು, ಒಂದು ಸುತ್ತು ಚೆಂಡೆಯವರಿಗೆ ಬಿಟ್ಟು ನಿಲ್ಲುವುದು. ಚಳಿಗಾಳಿಗೆ ಕೇನ್ ಆಗಿದ್ದರೆ ಪ್ರತಿ ಸಲ ತುದಿ ನೋಡಬೇಕಿತ್ತು. ಎಂಟು ತಿಂಗಳಲ್ಲಿ ಒಂದೇ ಒಂದು ಕೀಂಯ್ ಬಂದಿದೆ, ಅದೂ ರೀಡನ್ನು ಮೌತ್‌ಪೀಸಿಗೆ ಬಿಗಿಯುವ ಪಟ್ಟಿಯ (ಲಿಗೇಚರ್) ಸ್ಕ್ರೂ ಸಡಿಲ ಬಿಟ್ಟದ್ದಕ್ಕೆ.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಬೇಕಾದ ಇನ್ನೊಂದು ಮಾತಿದೆ.

ತೋಡಿ ರಾಗ ಊದುವಾಗ ಇದು ನನಗೆ ಸಾಲುವುದಿಲ್ಲ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರ ಅಲ್ಲ, ರಿಷಭದ ಹತ್ತಿರದಿಂದ ಏಳುತ್ತಾ ಮಧ್ಯಮಕ್ಕೆ ಮುಟ್ಟಿಸುತ್ತಾ ತೂಗುತ್ತಿರಬೇಕು. ಸ್ಯಾಕ್ಸೋಫೋನಿನಲ್ಲಿ ಅರ್ಧ ಕೆಲಸ ಬೆರಳಿನದು, ಉಳಿದರ್ಧ ಕೆಳತುಟಿಯದು. ತುಟಿ ಸ್ವಲ್ಪ ಬಿಗಿ ಮಾಡಿದರೆ ಸಂದಿ ಕಿರಿದಾಗಿ ಶ್ರುತಿ ಕೂದಲೆಳೆಯಷ್ಟು ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಆ ಏರಿಳಿತದಲ್ಲಿ ಎಷ್ಟು ಬಳುಕುತ್ತದೆ ಅನ್ನುವುದೇ ರೀಡಿನ ಗುಣ. ನೆನೆದ ಕೇನಿನಲ್ಲಿ ತಿರುಳು ನೀರು ಕುಡಿದು ಕಂಪನದ ಚೂಪನ್ನು ಸ್ವಲ್ಪ ನುಂಗುತ್ತದೆ, ಸ್ವರದ ಅಂಚು ಮೆತ್ತಗಾಗುತ್ತದೆ. ನನ್ನ ಪ್ಲಾಸ್ಟಿಕ್ ರೀಡಿನಲ್ಲಿ ಅದೇ ಗಾಂಧಾರ ಬರುತ್ತದೆ, ಶ್ರುತಿಯೂ ಸರಿ ಇರುತ್ತದೆ, ಆದರೆ ಕೊನೆಗೆ ಸ್ವರ ಬಿಡುವ ಜಾಗದಲ್ಲಿ ಚಾಕುವಿನಲ್ಲಿ ಕತ್ತರಿಸಿದ ಹಾಗೆ. ಡೋಲು ಜೊತೆಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪಿಟೀಲು, ಮೃದಂಗ ಇಟ್ಟುಕೊಂಡು ನಿಧಾನ ಆಲಾಪನೆ ಮಾಡಿದರೆ ನನಗೇ ಗೊತ್ತಾಗುತ್ತದೆ. ಪುತ್ತೂರಿನಲ್ಲಿ ಕೇನಿಗೆ ಕೈಕೊಟ್ಟದ್ದು ನೀರು, ತೋಡಿಯಲ್ಲಿ ಪ್ಲಾಸ್ಟಿಕ್ಕಿಗೆ ಇಲ್ಲದ್ದೂ ಅದೇ ನೀರು. ಬೇರೆಯವರು ಒಪ್ಪದೆ ಇರಬಹುದು, ಸಿಂಥೆಟಿಕ್‌ನಲ್ಲೇ ಪೂರ್ತಿ ಕಚೇರಿ ಮಾಡುವವರಿದ್ದಾರೆ.

ಕದ್ರಿ ಗೋಪಾಲನಾಥರ ಊರಿನ ಕಡೆಯವನು ನಾನು, ಅವರ ಹೆಸರು ಎತ್ತದೆ ಇದು ಮುಗಿಯುವುದಿಲ್ಲ. ಬಂಟ್ವಾಳದ ಸಜಿಪಮೂಡದವರು, ತಂದೆ ನಾಗಸ್ವರದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕಂಡು ಹಿಂದೆ ಬಿದ್ದವರು. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಪೇಟೆಂಟ್ ಪಡೆದ, ಮಿಲಿಟರಿ ಬ್ಯಾಂಡಿನಲ್ಲಿ ಮೆರೆದ ವಾದ್ಯದಲ್ಲಿ ಸ್ವರ ತೂಗುವ ಗಮಕ ತರಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್‌ನಲ್ಲಿ ಹೋಗಿಬಿಟ್ಟರು. ಜನ ಅವರ ಬೆರಳು ನೋಡುತ್ತಿದ್ದರು. ಹಳೆಯ ವಿಡಿಯೋ ಸಿಕ್ಕಿದರೆ ಗಲ್ಲ ಮತ್ತು ಕೆಳತುಟಿ ನೋಡಿ. ಇವತ್ತು ನಮ್ಮ ಜಿಲ್ಲೆಯಲ್ಲಿ ಮದುವೆಗೆ ಸ್ಯಾಕ್ಸೋಫೋನ್ ಹೇಳಿಲ್ಲ ಅಂದರೆ ನೆಂಟರು ಕೇಳುತ್ತಾರೆ, ಅದು ಅವರಿಂದ ಆದದ್ದು. ನಾಗಸ್ವರದವರು ಸೀವಾಳಿಗಳನ್ನು ದಾರದಲ್ಲಿ ಕಟ್ಟಿ ವಾದ್ಯಕ್ಕೇ ನೇತುಹಾಕಿಕೊಂಡಿರುತ್ತಾರೆ ನೋಡಿ, ಒಂದು ಕೈಕೊಟ್ಟರೆ ಇನ್ನೊಂದು. ನಮಗೆ ಆ ಬುದ್ಧಿ ಯಾಕೆ ಬರಲಿಲ್ಲವೋ.

ದುಡ್ಡಿನ ಲೆಕ್ಕ ಕೇಳುವವರಿಗೆ: ನಾನು ತಗೊಳ್ಳುವ ಹತ್ತರ ಕೇನ್ ಬಾಕ್ಸ್ 2,900ರ ಆಸುಪಾಸು. ಸೀಸನ್ನಿನಲ್ಲಿ ಒಂದು ಒಳ್ಳೆ ರೀಡ್ ಎರಡು ಮೂರು ವಾರ ಬರುತ್ತದೆ. ಎಂಟು ತಿಂಗಳಿಗೆ ಹಿಂದೆ ಎರಡು ಬಾಕ್ಸ್ ಬೇಕಾಗುತ್ತಿತ್ತು, ಈ ಸಲ ಒಂದು ಪ್ಲಾಸ್ಟಿಕ್ ಮತ್ತು ಅರ್ಧ ಬಾಕ್ಸ್. ಆದರೆ ಪ್ಲಾಸ್ಟಿಕ್ ಚಿರಂಜೀವಿ ಅಂದುಕೊಳ್ಳಬೇಡಿ. ಮೂರು ಗಂಟೆ ಒಂದೇ ಸಮ ಊದಿದರೆ ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ, ಮರುದಿನ ಸರಿಯಾಗುತ್ತದೆ. ಈಗ ಎಂಟನೇ ತಿಂಗಳಲ್ಲಿ ಪೂರ್ತಿ ಸರಿಯಾಗುವುದೂ ನಿಂತಿದೆ, ತಾರ ಸ್ಥಾಯಿ ತೆಳ್ಳಗೆ ಕೇಳುತ್ತದೆ. ಕೇನ್ ಮೆತ್ತಗಾದರೆ ತುದಿ ಕೂದಲೆಳೆಯಷ್ಟು ಕತ್ತರಿಸಿ, ಗಟ್ಟಿಯಾದರೆ ಗಾಜಿನ ಮೇಲೆ ನುಣುಪು ಸ್ಯಾಂಡ್‌ಪೇಪರ್ ಇಟ್ಟು ತಿಕ್ಕಿ ಇನ್ನೊಂದು ವಾರ ಓಡಿಸಬಹುದು. ಇದನ್ನು ತಿಕ್ಕುವ ಧೈರ್ಯ ನನಗಿಲ್ಲ, ಮೂರು ಸಾವಿರದ ಮಾಲು. ಮತ್ತೆ ಕ್ಯಾಪ್ ಹಾಕುವಾಗ ಜಾಗ್ರತೆ, ತುದಿಗೆ ಕ್ಯಾಪ್ ತಾಗಿ ಮೂಲೆ ಸೀಳಿದರೆ ಕೇನಿನ ಹಾಗೇ ಇದೂ ಕಸದ ಬುಟ್ಟಿಗೆ.

ಹೊಸದಾಗಿ ಕಲಿಯುವ ಮಕ್ಕಳಿಗೆ ಕೊಡಬಹುದಾ ಅಂತ ಒಬ್ಬರು ಅಕ್ಕ ಕೇಳಿದ್ದರು. ನನ್ನ ಮಟ್ಟಿಗೆ ಮೊದಲ ವರ್ಷ ಬೇಡ. ರೀಡ್ ನೆನೆಸುವುದು, ಒರೆಸುವುದು, ಟಪ್ ಪರೀಕ್ಷೆ, ಬೆಳಕಿಗೆ ಹಿಡಿದು ನೋಡುವುದು, ಇದೆಲ್ಲ ಕೈಗೆ ಬರಲಿ. ಮತ್ತೆ ಮಕ್ಕಳು ವಾರಕ್ಕೊಂದು ಮುರಿಯುತ್ತಾರೆ.

ಕೊನೆಗೆ ಅಂಗಡಿ ವಿಷಯ. ಇನ್ನೊಂದು ಇರಲಿ ಅಂತ ಮಂಗಳೂರಿನಲ್ಲಿ ಕೇಳಿದಾಗ ಸ್ಟಾಕ್ ಇರಲಿಲ್ಲ, ಆನ್‌ಲೈನ್‌ನಲ್ಲಿ ಒಂದು ಕಡೆ ಆರ್ಡರ್ ಹಾಕಿದೆ. 2½ ಅಂತ ಹಾಕಿದ್ದು, ಬಂದದ್ದು 3½. ನಾನು ಖುಷಿಯಲ್ಲಿ ನಂಬರ್ ನೋಡದೆ ಕವರ್ ಹರಿದಿದ್ದೆ. ಬಾಯಿಗೆ ಇಡುವ ವಸ್ತು, ಕವರ್ ತೆರೆದರೆ ವಾಪಸ್ ತಗೊಳ್ಳುವುದಿಲ್ಲ ಅಂದರು. ನಿಯಮ ಸರಿಯೇ, ನಾನೇ ಆದರೂ ಬೇರೆಯವರ ಎಂಜಲು ರೀಡ್ ತಗೊಳ್ಳುತ್ತೇನಾ? ಆದರೆ ತಪ್ಪು ಕಳಿಸಿದ್ದು ಅವರಲ್ವಾ. ಹನ್ನೆರಡು ಮೇಲ್ ಬರೆದು ಕೊನೆಗೆ ಅರ್ಧ ದುಡ್ಡು ಬಂತು. ಆ 3½ ಇನ್ನೂ ಡಬ್ಬಿಯಲ್ಲಿದೆ, ಡೋಲಿನ ಅಣ್ಣ ಅದರಲ್ಲಿ ಬೆನ್ನು ತುರಿಸಿಕೊಳ್ಳುತ್ತೇನೆ ಕೊಡು ಅಂತ ಎರಡು ಸಲ ಕೇಳಿದ್ದಾರೆ.

ಮುಂದಿನ ತಿಂಗಳು ಮತ್ತೆ ಎಸಿ ಹಾಲಿನ ಮದುವೆ ಇದೆ, ಹಳೆಯದು ಮೆತ್ತಗಾಗಿದೆ. 2¼ ಒಂದು ಆರ್ಡರ್ ಹಾಕಿದ್ದೇನೆ, ಬೇರೆ ಅಂಗಡಿಯಲ್ಲಿ. ಬಂದಾಗ ಕವರ್ ಹರಿಯುವ ಮೊದಲು ನಂಬರ್ ನೋಡುತ್ತೇನೆ.